ಹೆಣ್ಣು ನೋಡಲು ಹೋಗಿ ಊಟ ಕೇಳಿದ್ದು

ಹಸಿವನ್ನು ಮುಚ್ಚಿಡುವ ವಿದ್ಯೆ ನನಗೆ ಒಲಿಯಲೇ ಇಲ್ಲ. ಸಿಟ್ಟನ್ನು ಮುಚ್ಚಿಡಬಲ್ಲೆ, ರೇಷ್ಮೆ ಇಲಾಖೆಯಲ್ಲಿ ಇಷ್ಟು ವರ್ಷ ಗುಮಾಸ್ತನಾಗಿ ಬಾಳಿದ್ದೇ ಆ ಬಲದ ಮೇಲೆ. ನಿದ್ದೆಯನ್ನೂ ಸ್ವಲ್ಪ ಹೊತ್ತು ಕಣ್ಣು ತೆರೆದುಕೊಂಡೇ ಮುಚ್ಚಿಡಬಲ್ಲೆ. ಆದರೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ನನ್ನ ಮುಖ ತಾನಾಗಿ ಒಣಗುತ್ತದೆ, ಎದುರಿಗೆ ಕೂತವರ ಮಾತು ಕಿವಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ, ಪಕ್ಕದ ಮನೆಯ ಒಗ್ಗರಣೆಯ ಸದ್ದು ಮಾತ್ರ ಒಳಕ್ಕೆ ಇಳಿಯುತ್ತದೆ. ಕೊನೆಗೆ ಬಾಯಿಬಿಟ್ಟು ಹೇಳಿಯೇ ಬಿಡುತ್ತೇನೆ. ದೊಡ್ಡವರ ಮುಂದೆ ಹೇಳಿದ್ದೇನೆ, ಸಾಹೇಬರ ಮುಂದೆ ಹೇಳಿದ್ದೇನೆ, ಒಮ್ಮೆ ಸಾವಿನ ಮನೆಯಲ್ಲೂ ಹೇಳಿ ಬೈಸಿಕೊಂಡಿದ್ದೇನೆ.

ಇದಕ್ಕೆ ನನ್ನ ಸ್ವಭಾವದಷ್ಟೇ ನಾನು ಬೆಳೆದ ಬಗೆಯೂ ಕಾರಣ. ನಮ್ಮ ತಾಯಿ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡರು. ತಂದೆಗೆ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ವ್ಯಾಪಾರ, ಸದಾ ತಿರುಗಾಟ. ಹೀಗಾಗಿ ನಾನು ಉಂಡು ಬೆಳೆದದ್ದು ಬಸ್ ಸ್ಟ್ಯಾಂಡಿನ ಪಕ್ಕದ ಒಂದು ಮೆಸ್ಸಿನಲ್ಲಿ. ಆಗ ನಮ್ಮ ತಾಲ್ಲೂಕು ಇನ್ನೂ ಮದ್ರಾಸಿಗೆ ಸೇರಿತ್ತು, ಕಾಗದಪತ್ರಗಳೆಲ್ಲ ಕೊಯಮತ್ತೂರಿನ ಕಡೆ ಮುಖ ಮಾಡಿಕೊಂಡಿದ್ದವು. ಆಮೇಲೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಕಾಗದಪತ್ರಗಳು ಹೊರಳಿ ಮೈಸೂರಿನ ಕಡೆ ನೋಡಿದವು. ಮೆಸ್ಸಿನ ಸಾಂಬಾರು ಮಾತ್ರ ಯಾವ ಸರ್ಕಾರದ ಆಜ್ಞೆಗೂ ಬಗ್ಗದೆ ಕೊಯಮತ್ತೂರಿನಲ್ಲೇ ಉಳಿಯಿತು.

ಮೆಸ್ಸಿನಲ್ಲಿ ಬೆಳೆದವನಿಗೆ ಒಂದು ಗುಣ ಅಂಟಿಕೊಳ್ಳುತ್ತದೆ. ಅಲ್ಲಿ ಕೇಳಿದರೆ ಬರುತ್ತದೆ, ಕೇಳದಿದ್ದರೆ ಬಡಿಸುವವನು ಮುಂದಿನ ಎಲೆಗೆ ಹೋಗುತ್ತಾನೆ. ಮನೆಯಲ್ಲಿ ಬೆಳೆದವರು ಹಾಗಲ್ಲ. ಅವರು ಬೇಡ ಬೇಡ ಎನ್ನುತ್ತ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ, ಬೆರಳುಗಳ ಸಂದಿಯನ್ನು ಮಾತ್ರ ಅಗಲವಾಗಿ ಬಿಟ್ಟಿರುತ್ತಾರೆ. ಆ ಸಂದಿಯ ಭಾಷೆ ನನಗೆ ಯಾರೂ ಕಲಿಸಲಿಲ್ಲ. ನಾನು ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು.

ಹಾಗೆ ನೋಡಿದರೆ ನಮ್ಮ ಜನ ಹೊಟ್ಟೆಗೆ ಕೊಟ್ಟಷ್ಟು ಮರ್ಯಾದೆಯನ್ನು ತಲೆಗೂ ಕೊಟ್ಟಿಲ್ಲ. ಶಾಸ್ತ್ರ ಓದಿದವರು ಹೊಟ್ಟೆಯೊಳಗಿನ ಬೆಂಕಿಗೆ ವೈಶ್ವಾನರನೆಂದು ದೇವರ ಹೆಸರನ್ನೇ ಇಟ್ಟರು. ಓದದವರೇನೂ ಹಿಂದೆ ಬೀಳಲಿಲ್ಲ. ಹರಸುವಾಗ ಹೊಟ್ಟೆ ತಣ್ಣಗಿರಲಿ ಎನ್ನುತ್ತೇವೆ. ಮತ್ಸರಕ್ಕೆ ಹೊಟ್ಟೆಕಿಚ್ಚು ಎನ್ನುತ್ತೇವೆ. ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬೇಡುತ್ತೇವೆ. ಕ್ಷಮೆ ಕೂಡ ನಮ್ಮಲ್ಲಿ ಒಂದು ಬಗೆಯ ಊಟ. ಹುಟ್ಟಿದರೆ ಊಟ, ಸತ್ತರೆ ಊಟ, ಜಗಳ ಮುಗಿದು ರಾಜಿಯಾದರೆ ಊಟ. ಇಷ್ಟೆಲ್ಲ ಇದ್ದೂ ಒಬ್ಬ ಮನುಷ್ಯ ನನಗೆ ಹಸಿವಾಗಿದೆ ಎಂದು ನೇರವಾಗಿ ಹೇಳಿದರೆ ಮಾತ್ರ ಎಲ್ಲರಿಗೂ ಒಂದು ಥರಾ ಆಗುತ್ತದೆ. ಅದೇಕೆ ಎಂದು ನನಗೆ ತಿಳಿದದ್ದು ಅಜ್ಜೀಪುರದಲ್ಲಿ, ನನಗೆ ಹೆಣ್ಣು ನೋಡಲು ಹೋದ ದಿನ.

ಹೆಣ್ಣು ಗೊತ್ತುಮಾಡುವ ಹೊಣೆ ಹೊತ್ತವರು ನನ್ನ ಸೋದರಮಾವ ಬಸಪ್ಪನವರು. ಯಳಂದೂರಿನವರು, ನೀರಾವರಿ ಗದ್ದೆಯ ಯಜಮಾನರು, ಅನ್ನದ ಅಭಿಮಾನಿಗಳು. ಹನೂರಿನಾಚೆಗೆ ಬರೀ ರಾಗಿ ಎಂದು ಅವರಿಗೆ ಒಂದು ತಾತ್ಸಾರ. ಆದರೂ ಹೆಣ್ಣಿನ ಮನೆತನ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಹೊರಟಿದ್ದರು. ಬೆಳಿಗ್ಗೆ ಕೊಳ್ಳೇಗಾಲದ ಮೆಸ್ಸಿನಲ್ಲಿ ಇಡ್ಲಿ ತಿಂದು ಬಸ್ಸು ಹತ್ತಿದೆವು. ಮದುವೆಯ ಅಳುಕಿನಲ್ಲಿ ನಾನು ಅವತ್ತು ಎಂದಿನಷ್ಟು ತಿನ್ನಲಿಲ್ಲ. ಹನೂರು ದಾಟಿದ ಮೇಲೆ ಬಸ್ಸಿನ ರೇಡಿಯೇಟರು ಕುದಿಯತೊಡಗಿತು. ಎಲ್ಲರೂ ಇಳಿದೆವು. ಬಾವಿಯೊಂದನ್ನು ಹುಡುಕಿ ನೀರು ತಂದು ಹೊಯ್ದರೂ ಅದು ಮತ್ತೆ ಮತ್ತೆ ಬುಸುಗುಡುತ್ತಿತ್ತು. ಕೊನೆಗೆ ಮಾವ ಪಂಚೆ ಎತ್ತಿ ಕಟ್ಟಿ ನಡೆದೇ ಬಿಡೋಣ ಎಂದರು. ನಾವು ಅಜ್ಜೀಪುರ ಮುಟ್ಟುವಾಗ ಊರೆಲ್ಲ ಉಂಡು ಜಗಲಿಯ ಮೇಲೆ ಅಡ್ಡಾಗಿತ್ತು.

ಹೆಣ್ಣಿನ ತಂದೆ ಪುಟ್ಟಮಾದಪ್ಪನವರು ಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ ಕೂರಿಸಿದರು. ಬೆಲ್ಲ, ನೀರು ಬಂತು. ಬಾಳೆಹಣ್ಣು ಬಂತು. ಮಜ್ಜಿಗೆ ಬಂತು, ಅದಕ್ಕೆ ಉಪ್ಪು ಹಾಕುವುದನ್ನು ಮರೆತಿದ್ದಾರೆ ಅಂದುಕೊಂಡೆ. ಆಮೇಲೆ ಏನೂ ಬರಲಿಲ್ಲ. ಮಾವನೂ ಅವರೂ ಮಳೆಯ ಬಗ್ಗೆ ಮಾತಾಡಿದರು, ದನದ ಬಗ್ಗೆ ಮಾತಾಡಿದರು. ನನ್ನ ಹೊಟ್ಟೆ ನನಗಷ್ಟೇ ಕೇಳುವಂತೆ ಬೇರೆ ಮಾತಾಡುತ್ತಿತ್ತು.

ಪುಟ್ಟಮಾದಪ್ಪನವರು ಮರ್ಯಾದೆಗೆ ಕೇಳಿದರು: "ದಾರೀಲಿ ತಡ ಆಗೋಯ್ತು ಅಂತೀರಿ, ಊಟಗೀಟ ಎಲ್ಲಾರ ಆಗದಾ?"

"ಓ, ಆಗದೆ, ಆಗದೆ," ಎಂದರು ಮಾವ, ಹೊಟ್ಟೆಯ ಮೇಲೆ ಕೈ ಸವರಿಕೊಂಡು.

ನನಗೆ ಆಶ್ಚರ್ಯವಾಯಿತು. "ಎಲ್ಲಿ ಆಯ್ತು ಮಾವ? ಬೆಳಿಗ್ಗೆ ತಿಂದ ಇಡ್ಲಿ ಅಷ್ಟೇ ಅಲ್ವಾ?" ಎಂದೆ. ಮತ್ತೆ ಮನೆಯ ಯಜಮಾನರ ಕಡೆ ತಿರುಗಿ, "ನನಗಂತೂ ತುಂಬಾ ಹಸಿವಾಗಿದೆ. ಏನಿದ್ದರೂ ಸರಿ, ಸ್ವಲ್ಪ ಊಟ ಹಾಕಿಸಿ," ಎಂದೆ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಕಣ್ಣಿಗೆ ಸೆರಗು ಒತ್ತಿಕೊಂಡು, "ಬೆಟ್ಟದ ಮಾದಪ್ಪ ಕಣ್ಬುಟ್ಟ ಕಣಪ್ಪ," ಎಂದಿತು. ಬಾಗಿಲಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯ ಹೆಂಗಸು ಬೀದಿಗೇ ಓಡಿ, "ಉಣ್ತಾರಂತೆ ಕಣ್ರವ್ವಾ, ಗಂಡೇ ಬಾಯ್ಬುಟ್ಟು ಕೇಳ್ತು!" ಎಂದು ಕೂಗಿದಳು. ಒಳಗೆ ಪಾತ್ರೆಗಳು ಸದ್ದಾದವು, ಒಲೆ ಊದುವುದು ಕೇಳಿಸಿತು. ಒಂದು ಊಟ ಕೇಳಿದ್ದಕ್ಕೆ ಇಷ್ಟು ಸಂಭ್ರಮ ಪಡುವ ಜನ ಎಷ್ಟು ಒಳ್ಳೆಯವರು ಎಂದು ನಾನು ಕರಗಿಹೋದೆ. ಮಾವ ನನ್ನ ತೊಡೆಯನ್ನು ಎಷ್ಟು ಜೋರಾಗಿ ಹಿಂಡಿದರೆಂದರೆ ಕರಗಿದ್ದು ಅಲ್ಲೇ ಗಟ್ಟಿಯಾಯಿತು.

ಕೈ ತೊಳೆಯುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. "ಲೇ ಉಚ್ಚ, ಎಣ್ಣು ನೋಡಾಕೆ ಬಂದ ಮನೇಲಿ ಯಾರಾರ ಇಟ್ಟು ಕೇಳ್ತಾರೇನ್ಲಾ? ಒಲೆ ಮ್ಯಾಲೆ ಬೆಂದಿದ್ದು, ಉಪ್ಪು ಬಿದ್ದಿದ್ದು ಬಾಯಿಗಿಕ್ಕುದ್ರೆ ಒಪ್ಕಂಡಂಗೆ ಕಣ್ಲಾ! ಎಣ್ಣಿನ ಮೊಕ ನೋಡ್ನಿಲ್ಲ, ಒಂದು ಮಾತು ಆಡ್ನಿಲ್ಲ, ಆಗ್ಲೇ ಮದ್ವೆ ಮುಗಿಸ್ಕಂಡ್ಯಲ್ಲ!"

ಇದು ನನಗೆ ಗೊತ್ತಿರಲಿಲ್ಲ. ಮಾವ ಹೇಳಿಯೂ ಇರಲಿಲ್ಲ. ಅವರ ತಪ್ಪೇನಿಲ್ಲ, ಉಸಿರಾಡಬೇಕೆಂದು ಯಾರಾದರೂ ಯಾರಿಗಾದರೂ ಹೇಳಿಕೊಡುತ್ತಾರೆಯೇ? ಮಜ್ಜಿಗೆಗೆ ಉಪ್ಪು ಏಕಿರಲಿಲ್ಲವೆಂದು ಆಗ ಅರ್ಥವಾಯಿತು. ಆ ಮನೆಯವರು ನಮ್ಮನ್ನು ಕಟ್ಟಿಹಾಕದೆ, ಬೇಕಾದರೆ ಎದ್ದುಹೋಗಲು ದಾರಿ ತೆರೆದಿಟ್ಟಿದ್ದರು.

ಮಾವ ದನಿ ತಗ್ಗಿಸಿದರು. "ಓದ ವರ್ಸ ರಾಮಾಪುರದ ಕಡೆಯೋರು ಬಂದು, ಚೆಂದಾಗಿ ಉಂಡ್ಕಂಡು ಓಗಿ, ಆಮ್ಯಾಕೆ ಬ್ಯಾಡ ಅಂದ್ರಂತೆ. ಊರೆಲ್ಲ ಆಡ್ಕತು. ಈಗ ನೀನೂ ಉಂಡು ಒಂಟೋದ್ರೆ ಆ ಮಗಿನ ಗತಿ ಏನ್ಲಾ? ಓಗಿ ಒಟ್ಟೆನೋವು ಅಂದ್ಬುಡು. ಕೈ ಇಕ್ಬ್ಯಾಡ."

ಹಸಿವನ್ನೇ ಮುಚ್ಚಿಡಲಾರದವನಿಗೆ ಇಲ್ಲದ ಹೊಟ್ಟೆನೋವನ್ನು ತೋರಿಸು ಎಂದರೆ ಹೇಗೆ? ಒಳಗೆ ಬಂದು ಕೂತೆ. ತಟ್ಟೆಯಲ್ಲಿ ಹಬೆಯಾಡುವ ಹಿಟ್ಟಿನ ಮುದ್ದೆ. ಪಕ್ಕದಲ್ಲಿ ಹುರುಳಿಕಾಳಿನ ಉಪ್ಸಾರು, ಅಂಚಿನಲ್ಲಿ ಆಗ ತಾನೆ ಅರೆದ ಖಾರ. ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಸುತ್ತ ಕೂತವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಕೈ ಮುಂದೆ ಹೋದರೆ ಮುಖ ಕಾಣದ ಹುಡುಗಿಯೊಬ್ಬಳು ಹೆಂಡತಿ. ಹಿಂದೆ ಬಂದರೆ ಆಕೆ ಈ ಊರಿನ ಬಾಯಿಗೆ ಎರಡನೆಯ ಸಲ ತುತ್ತು. ಕೈ ಎತ್ತಲೂ ಇಲ್ಲ, ಇಳಿಸಲೂ ಇಲ್ಲ.

ಆಗ ಅಡಿಗೆಮನೆಯ ಬಾಗಿಲಿಂದ ದನಿ ಬಂತು. "ಅಪ್ಪಾ, ಅವ್ರು ಅಸ್ದವ್ರೆ, ಅಷ್ಟೇಯ. ಉಣ್ಲಿ ಬುಡಿ. ಉಂಡಿದ್ದ ಒಪ್ಗೆ ಅಂತ ಇಡ್ಕಬ್ಯಾಡಿ." ಅಜ್ಜಿ ಸುಮ್ಮನಿರು ಎಂದು ಗದರಿದರೂ ಅವಳು ನಿಲ್ಲಿಸಲಿಲ್ಲ. ನನ್ನ ಕಡೆಗೇ ತಿರುಗಿ, "ನೀವು ಉಣ್ಣಿ. ಬ್ಯಾಡ ಅನ್ನಂಗಿದ್ರೆ ಉಂಡಾದ ಮ್ಯಾಲೆ ಬ್ಯಾಡ ಅಂತ ಏಳಿ. ಒಟ್ಟೆ ಕಾಯಿಸ್ಬ್ಯಾಡಿ," ಎಂದಳು.

ತಲೆಯೆತ್ತಿ ನೋಡಿದೆ. ಒಲೆಯ ಝಳಕ್ಕೆ ಕೆಂಪಾದ ಮುಖ, ಮುಂಗೈವರೆಗೆ ರಾಗಿಹಿಟ್ಟು, ಕೈಯಲ್ಲಿ ಹಿಟ್ಟು ತೊಳಸಿದ ಕೋಲು. ಅಲಂಕಾರ ಮಾಡಿಕೊಳ್ಳಲು ಅವಳಿಗೆ ನಾನು ಸಮಯವನ್ನೇ ಕೊಟ್ಟಿರಲಿಲ್ಲ. ತನ್ನ ಮಾನವೇ ಪಣಕ್ಕಿದ್ದಾಗ, ಬಂದ ಅಪರಿಚಿತನ ಹೊಟ್ಟೆಯ ಚಿಂತೆ ಮಾಡಿದ ಈ ಹೆಣ್ಣನ್ನು ಬಿಟ್ಟು ಎದ್ದುಹೋದರೆ ನನ್ನಂಥ ದಡ್ಡ ಇನ್ನೊಬ್ಬನಿಲ್ಲ ಅನ್ನಿಸಿತು. ಪ್ರೀತಿ ಎನ್ನುವುದು ಹೇಗೆ ಬರುತ್ತದೋ ಬಲ್ಲವರು ಬರೆದಿದ್ದಾರೆ. ನನಗೆ ಅದು ಹಸಿದ ಹೊಟ್ಟೆಯಲ್ಲಿ, ಉಪ್ಸಾರಿನ ವಾಸನೆಯ ಜೊತೆಗೆ ಬಂತು.

ಮುದ್ದೆ ಮುರಿದೆ, ಸಾರಿನಲ್ಲಿ ಅದ್ದಿದೆ, ಬಾಯಿಗಿಟ್ಟೆ. ಮೆಸ್ಸಿನ ಅಭ್ಯಾಸದಂತೆ ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡೆ. ಅಜ್ಜಿ ಬಿದ್ದು ಬಿದ್ದು ನಕ್ಕಿತು. ಕಷ್ಟಪಟ್ಟು ನುಂಗಿ, "ಒಪ್ಪಿಗೆ ಅಂತಲೇ ಇಟ್ಟುಕೊಳ್ಳಿ," ಎಂದೆ. ಪುಟ್ಟಮಾದಪ್ಪನವರು ಗೋಡೆಯ ಕಡೆ ತಿರುಗಿ ನಿಂತರು. ಮಾವ ಮಾತ್ರ, ಹೇಗೂ ಕೆಲಸ ಕೆಟ್ಟಿತೆಂದು ಖಾತ್ರಿಯಾದ ಕೂಡಲೇ, ಇನ್ನೊಂದು ತಟ್ಟೆ ತರಿಸಿಕೊಂಡು ಕೂತರು. ರಾಗಿಯ ಮೇಲೆ ತಾತ್ಸಾರವಿದ್ದ ಆ ಯಳಂದೂರಿನ ಅನ್ನದ ಯಜಮಾನರು ಅವತ್ತು ನನಗಿಂತ ಹೆಚ್ಚು ಉಂಡರು. ಅವರೂ ಬೆಳಿಗ್ಗೆಯಿಂದ ಹಸಿದೇ ಇದ್ದರೆಂದು ಪಾಪ ಯಾರಿಗೆ ಗೊತ್ತಿತ್ತು.

ಈ ಕಥೆಯನ್ನು ನಾನು ಮನೆಗೆ ಬಂದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದಕ್ಕೆ ಒಳ್ಳೆಯ ಮೆರುಗು ಬಂದಿದೆ. ಎಲ್ಲಿ ನಿಲ್ಲಿಸಬೇಕು, ಮಾವನ ದನಿಯನ್ನು ಎಲ್ಲಿ ಅನುಕರಿಸಬೇಕು ಎಲ್ಲ ಗೊತ್ತು. ಅವತ್ತು ಹೆಂಡತಿಯಾದ ಮಾದೇವಮ್ಮ ಒಳಗಿನಿಂದಲೇ ಕೇಳಿಸಿಕೊಂಡು ಕಾಫಿ ಕಳಿಸುತ್ತಾಳೆ. ಮೊನ್ನೆ ಹೀಗೇ ಯಾರಿಗೋ ಹೇಳಿ, ನಗಿಸಿ, ಕಳಿಸಿ ಬಂದ ಮೇಲೆ ಇದ್ದಕ್ಕಿದ್ದಂತೆ ಒಂದು ಯೋಚನೆ ಹೊಳೆಯಿತು. ಅವತ್ತು ಆ ಮನೆಯವರೆಲ್ಲ ನನ್ನ ಕೈಯನ್ನೇ ನೋಡಿದರು. ಅವಳಿಗೆ ಒಪ್ಪಿಗೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅಡಿಗೆಮನೆಗೆ ಹೋಗಿ ಕೇಳಿದೆ. ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತದೆ, "ನನ್ನ ಯಾರು ಕೇಳುದ್ರು?" ಎಂದಳು.

ಇಷ್ಟು ವರ್ಷ ತಮಾಷೆಯೆಂದು ಹೇಳಿಕೊಂಡು ಬಂದದ್ದು ಒಮ್ಮೆಗೇ ತಮಾಷೆಯಾಗಿ ಉಳಿಯಲಿಲ್ಲ. ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು. "ಕೇಳಿದ್ರೂ ಊ ಅಂತಿದ್ದೆ ಬುಡಿ," ಎಂದಳು. "ನಮ್ಮಪ್ಪ ಒಂದಿನವಾದ್ರೂ ಬಾಯ್ಬುಟ್ಟು ಅಸಿವು ಅಂದೋರಲ್ಲ. ಅವ್ರ ಮೊಕ ನೋಡ್ಕಂಡೇ ಅವ್ವ ಎಲ್ಲಾನೂ ತಿಳ್ಕಬೇಕಿತ್ತು. ಏನಾರ ಬೇಜಾರಾದ್ರೆ ತಟ್ಟೆ ಬುಟ್ಟು ಎದ್ದೋಗೋರು. ಏನ್ ತಪ್ಪಾಯ್ತೋ ಅಂತ ಅವ್ವ ಬೆಳಗಾನ ಕೊರಗೋಳು. ನೀವು ಬಂದು ಅಸಿವು ಅಂದ್ರಲ್ಲ, ಈವಯ್ಯನ ಕೂಟೆ ಊಹೆ ಮಾಡ್ಕಂಡು ಬದುಕ್ಬೇಕಿಲ್ಲ ಅನ್ನುಸ್ತು. ಬ್ಯಾಡ ಅಂದ್ಕಂಡು ಓಗ್ಲಿ ಅಂತ ಬಾಗ್ಲಿಗೆ ಬಂದೆ ಅಂದ್ಕಂಡ್ರಾ?"

ಖುಷಿಯಿಂದ ನನ್ನ ಎದೆ ಉಬ್ಬಬೇಕಿತ್ತು, ಉಬ್ಬಿತು ಕೂಡ. ಆದರೆ ಅವಳ ಕೈ ಅವರೆಕಾಯಿಯ ಮೇಲೆ ಓಡುವುದನ್ನು ನೋಡುತ್ತ ಕೂತಾಗ ಆ ಉಬ್ಬು ಮೆಲ್ಲಗೆ ಇಳಿಯಿತು. ಹೊತ್ತು ಮಧ್ಯಾಹ್ನ ದಾಟಿತ್ತು. ನಾನು ಉಂಡಾಗಿತ್ತು, ಬಂದವರೂ ಉಂಡು ಹೋಗಿದ್ದರು. ಅವಳ ತಟ್ಟೆ ಇನ್ನೂ ಗೂಡಿನಲ್ಲೇ ಇತ್ತು. ನನ್ನನ್ನು ಊಹಿಸುವ ಕಷ್ಟವನ್ನು ಅವಳಿಗೆ ನಾನು ಕೊಟ್ಟಿಲ್ಲ, ನಿಜ. ಅವಳ ಹಸಿವನ್ನು ಮಾತ್ರ ನಾನು ಊಹಿಸಿದ್ದೂ ಇಲ್ಲ, ಅವಳು ಹೇಳಿದ್ದೂ ಇಲ್ಲ.

"ನೀನು ಯಾವತ್ತೂ ಹಸಿವು ಅಂದದ್ದೇ ಇಲ್ಲವಲ್ಲ?" ಎಂದೆ.

"ನೀವು ಕೇಳ್ನಿಲ್ವಲ್ಲ."

"ಈಗ ಕೇಳ್ತಾ ಇದೀನಿ."

ಅವಳು ಅವರೆಕಾಯಿ ಕೆಳಗಿಟ್ಟಳು. ಸ್ವಲ್ಪ ನಾಚಿಕೆಯಾಯಿತೇನೋ, ಕಿಟಕಿಯ ಕಡೆ ನೋಡುತ್ತ ಹೇಳಿದಳು: "ಒಟ್ಟೆ ಬೋ ಅಸ್ದದೆ."

ನಾನೇ ಎದ್ದು ತಟ್ಟೆ ಹಾಕಿ ಬಡಿಸಿದೆ. ಸಾರು ತಟ್ಟೆಯಲ್ಲಿದ್ದಷ್ಟೇ ನೆಲದ ಮೇಲೂ ಇತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಹಸಿವು ಎಂದು ಬಾಯಿಬಿಟ್ಟು ಹೇಳುವವರು ಇಬ್ಬರು. ಅಡಿಗೆಮನೆ ಸ್ವಲ್ಪ ಇಕ್ಕಟ್ಟಾಗಿದೆ, ಅಷ್ಟೇ.