ಹುಬ್ಬೇರದ ನಾಲ್ಕು ತಿಂಗಳು

ಎರಡನೇ ಮಹಡಿಯ ಆ ಚರ್ಮದ ಕ್ಲಿನಿಕ್ಕಿನಲ್ಲಿ ಡಾಕ್ಟರ ಸೂಜಿಗಿಂತ ಮೊದಲು ಮುಖಕ್ಕೆ ತಾಗುತ್ತಿದ್ದುದು ನರ್ಸಮ್ಮನ ಬಿಳಿ ಪೆನ್ಸಿಲ್ಲು. ಕುರ್ಚಿಯನ್ನು ಅರ್ಧ ಮಲಗಿಸಿ, ದೀಪವನ್ನು ಹತ್ತಿರ ಎಳೆದುಕೊಂಡು, ದಿನಕ್ಕೆ ಹತ್ತಾರು ಸಲ ಅವಳು ಅದೇ ಮೂರು ಮಾತು ಹೇಳುತ್ತಿದ್ದಳು: ಹುಬ್ಬು ಎತ್ತಿ, ಗಂಟು ಹಾಕಿ, ಈಗ ನಗಿ. ಚರ್ಮ ಎಲ್ಲಿ ಮಡಿಕೆ ಬೀಳುತ್ತದೋ ಅಲ್ಲಿ ಒಂದೊಂದು ಚುಕ್ಕಿ ಇಡುತ್ತಿದ್ದಳು. ಆ ಚುಕ್ಕಿ ನೋಡಿಕೊಂಡು ಡಾಕ್ಟರು ಚುಚ್ಚುತ್ತಿದ್ದರು. ಔಷಧ ಇಳಿದ ಸ್ನಾಯು ಕೆಲಸ ನಿಲ್ಲಿಸಿ ಸುಮ್ಮನಾಗುತ್ತದೆ, ಮೇಲಿನ ಸುಕ್ಕು ಅಳಿಸುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಔಷಧದ ಬಲ ಕುಗ್ಗಿ ಸುಕ್ಕು ವಾಪಸು ಬರುತ್ತದೆ, ಅದರ ಹಿಂದೆಯೇ ಮುಖದ ಒಡತಿಯೂ ಬರುತ್ತಾಳೆ.

ನರ್ಸಮ್ಮನಿಗೆ ಐವತ್ತನಾಲ್ಕು. ಇಪ್ಪತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನಿಂತೇ ದುಡಿದವಳು. ಮಂಡಿ ಕೈಕೊಟ್ಟ ಮೇಲೆ ಇಲ್ಲಿಗೆ ಬಂದಳು. ಅಲ್ಲಿ ಮುಖ ಉಳಿದರೆ ಸಾಕು ಎಂದು ಬೇಡುವವರನ್ನು ನೋಡಿದ್ದಳು, ಇಲ್ಲಿ ಒಂದು ಗೆರೆಗೆ ಕಣ್ಣೀರು ಹಾಕುವವರನ್ನು ನೋಡಿದಳು. ಯಾರನ್ನೂ ಹೀಗಳೆಯಲಿಲ್ಲ. ಸೂಜಿ ಒಳಹೋಗುವಾಗ ಎಲ್ಲರ ಕೈಯೂ ಒಂದೇ ಥರ ಅವಳ ಕೈಯನ್ನು ಹುಡುಕುತ್ತಿತ್ತು.

ಮನೆಯಲ್ಲಿ ತಂಗಿ. ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಬಳಿ ತಂಗಿಯ ಹೊಲಿಗೆ ಮಷೀನು. ಅಕ್ಕತಂಗಿಯರಿಗೆ ಬಾಲ್ಯದಿಂದ ತಾವೇ ಕಟ್ಟಿಕೊಂಡ ಕೈಭಾಷೆಯಿತ್ತು. ಜಡೆ ಜಗ್ಗಿದಂತೆ ಮಾಡಿದರೆ ತಮ್ಮ, ಯಾಕೆಂದರೆ ಅವನು ಚಿಕ್ಕಂದಿನಲ್ಲಿ ಅದನ್ನೇ ಮಾಡುತ್ತಿದ್ದ. ಬೆರಳನ್ನು ಬಾಯಿಗೆ ತಂದು ಹುಬ್ಬು ಏರಿಸಿದರೆ ಊಟ ಆಯಿತಾ ಎಂದು. ಹುಬ್ಬು ಏರದಿದ್ದರೆ ಊಟ ಮಾಡು ಎಂದು. ಏನು, ಯಾಕೆ, ಎಲ್ಲಿ ಎಂಬುದಕ್ಕೆಲ್ಲ ಹುಬ್ಬಿನ ನಡುವೆ ಗಂಟು. ಹೀಗೆ ಐವತ್ತು ವರ್ಷ ಕೇಳಿ ಕೇಳಿಯೇ ಅಕ್ಕನ ಹಣೆಯಲ್ಲಿ ಗೆರೆಗಳು ಬಿದ್ದಿದ್ದವು.

ಒಂದು ಸಂಜೆ ಕೊನೆಯ ಅಪಾಯಿಂಟ್‌ಮೆಂಟಿನ ಹೆಂಗಸು ಬರಲಿಲ್ಲ. ಅವಳಿಗಾಗಿ ಕಲಸಿಟ್ಟ ಔಷಧ ಸೀಸೆಯಲ್ಲೇ ಉಳಿದಿತ್ತು. ಅಂಥ ಉಳಿಕೆಯನ್ನು ಸಿಬ್ಬಂದಿಗೆ ಚುಚ್ಚುವುದು ಅಲ್ಲಿಯ ರೂಢಿ. ನರ್ಸಮ್ಮ ಹನ್ನೊಂದು ವರ್ಷದಿಂದ ಬೇಡವೆನ್ನುತ್ತಾ ಬಂದಿದ್ದಳು. ಆದರೆ ಅಂದು ಬೆಳಿಗ್ಗೆ ಹೊಸದಾಗಿ ತೋರಿಸಿಕೊಳ್ಳಲು ಬಂದವಳೊಬ್ಬಳು ಕೌಂಟರಿನಲ್ಲಿ, ಆ ಸಿಡುಕುಮೋರೆ ಸಿಸ್ಟರ್ ಬೇಡ, ಬೇರೆಯವರನ್ನು ಕಳಿಸಿ ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಡಾಕ್ಟರು ಕೇಳಿದಾಗ ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ಕನ್ನಡಿ ಹಿಡಿದು ತನ್ನ ಚುಕ್ಕಿಗಳನ್ನು ತಾನೇ ಇಟ್ಟುಕೊಂಡಳು.

ವಾರದೊಳಗೆ ಹಣೆ ಇಸ್ತ್ರಿ ಮಾಡಿದಂತಾಯಿತು. ಕೌಂಟರಿನ ಹುಡುಗಿ ಕಣ್ಣರಳಿಸಿದಳು.

"ಹತ್ತು ವರ್ಷ ಚಿಕ್ಕೋರಾಗಿ ಕಾಣ್ತೀರ ಸಿಸ್ಟರ್. ಯಾರಾದ್ರೂ ಹೆಣ್ಣು ಕೇಳ್ಕೊಂಡು ಬರ್ತಾರೆ ನೋಡ್ತಿರಿ."

"ಬಂದ್ರೆ ಟೋಕನ್ ಕೊಟ್ಟು ಕೂರ್ಸು," ಎಂದಳು ನರ್ಸಮ್ಮ.

ಮನೆಯಲ್ಲಿ ಬೇರೆಯೇ ನಡೆದಿತ್ತು. ಕೆಲಸದಿಂದ ಬಂದವಳು ಎಂದಿನಂತೆ ಬೆರಳನ್ನು ಬಾಯಿಗೆ ತಂದು ಊಟ ಆಯಿತಾ ಎಂದು ಕೇಳಿದಳು. ತಂಗಿ ಒಂದು ಗಳಿಗೆ ಅವಳನ್ನೇ ನೋಡಿ, ಮಷೀನು ಬಿಟ್ಟೆದ್ದು, ಹಸಿವಿಲ್ಲದ ಹೊತ್ತಿನಲ್ಲಿ ತಟ್ಟೆ ಹಾಕಿಕೊಂಡು ಊಟ ಮಾಡಿದಳು. ಮರುದಿನ ಬಟ್ಟೆ ಮುಗಿಯಿತಾ ಎಂದು ಕೇಳಿದರೆ ಕತ್ತಲಾದರೂ ಕೂತು ಹೊಲಿದಳು. ದಿನಕ್ಕೆ ಹತ್ತು ಜನರಿಗೆ ಆ ಔಷಧದ ಗುಣ ವಿವರಿಸುವವಳಿಗೆ ತನ್ನ ಮನೆಯಲ್ಲಿ ಏನಾಗುತ್ತಿದೆ ಎಂದು ಹೊಳೆಯಲೇ ಇಲ್ಲ.

ಒಂಬತ್ತನೇ ದಿನ ತಂಗಿ ಅವಳೆದುರು ಬಂದು ನಿಂತಳು. ಮುಖವನ್ನು ಗೋಡೆಯಂತೆ ಮಾಡಿಕೊಂಡು, ಕೈಯನ್ನು ಮಾತ್ರ ಆಡಿಸಿ ತೋರಿಸಿದಳು: ಉಣ್ಣು. ಹೊಲಿ. ಕಿಟಕಿ ಮುಚ್ಚು. ಮಲಗು. ಅದು ತನ್ನದೇ ಅಣಕ ಎಂದು ಅಕ್ಕನಿಗೆ ತಿಳಿದದ್ದು ಆಗ. ಅವಳು ಸೂಜಿ ತೋರಿಸಿದಳು, ಹಣೆ ತೋರಿಸಿದಳು, ಸ್ನಾಯು ಮಲಗಿದೆ ಎಂದು ಅಂಗೈಗೆ ಕೆನ್ನೆಯಾನಿಸಿ ತೋರಿಸಿದಳು. ತಂಗಿ ದಡ್ಡಿಯಲ್ಲ, ಅಷ್ಟೂ ತಿಳಿಯಿತು. ಅವಳು ಕೇಳಿದ್ದು ಒಂದೇ. ಹುಬ್ಬಿಗೆ ಗಂಟು ಹಾಕಿದಳು: ಯಾಕೆ? ಕೋಪದ ಮುಖ ಅಂದರು ಎಂದು ಹೇಳಹೋಗಿ ಅಕ್ಕ ಕೋಪದ ಸನ್ನೆ ಮಾಡಿ ತನ್ನ ಮುಖ ತೋರಿಸಿದಳು. ಅಕ್ಕನಿಗೆ ತನ್ನ ಮೇಲೆ ಕೋಪ ಬಂದಿದೆ ಎಂದೇ ಅದು ತಂಗಿಗೆ ಕಂಡಿತು.

ಆಮೇಲೆ ಪ್ರಶ್ನೆ ಕೇಳುವುದಕ್ಕೆ ಅಕ್ಕ ಏನೇನೋ ಹೂಡಿದಳು. ತಲೆ ವಾಲಿಸಿದಳು, ಭುಜ ಎತ್ತಿದಳು, ಗಾಳಿಯಲ್ಲಿ ಪ್ರಶ್ನೆಚಿಹ್ನೆಯ ಕೊಕ್ಕೆ ಬರೆದಳು. ಮೊದಮೊದಲು ತಂಗಿ ನಕ್ಕಳು. ಆಮೇಲೆ ಅಕ್ಕನ ಮುಖ ನೋಡುವುದನ್ನೇ ಕಡಿಮೆ ಮಾಡಿದಳು. ಮುಖ ನೋಡದಿದ್ದರೆ ಆ ಮನೆಯಲ್ಲಿ ಮಾತು ಮುಗಿದಂತೆ.

ಪ್ರತಿವರ್ಷ ಶಾಲೆ ತೆರೆಯುವ ಮೊದಲು ಊರಿನ ಆ ಬದಿಯಲ್ಲಿರುವ ತಮ್ಮನ ಮನೆಗೆ ತಂಗಿ ಹತ್ತು ದಿನ ಹೋಗುವುದಿತ್ತು. ತಮ್ಮನ ಹೆಂಡತಿ ಸಮವಸ್ತ್ರ ಹೊಲಿಸುವ ಅಂಗಡಿ ಇಟ್ಟಿದ್ದಳು. ಈ ವರ್ಷವೂ ಹೋದಳು. ಹತ್ತು ದಿನ ಕಳೆದರೂ ವಾಪಸು ಬರಲಿಲ್ಲ, ಹೋದ ಇಪ್ಪತ್ತನೇ ದಿನ ತಮ್ಮನ ಹೆಂಡತಿಯ ಫೋನು ಬಂತು.

"ಅತ್ತಿಗೆ, ಚಿಕ್ಕಕ್ಕ ಇನ್ಮೇಲೆ ಇಲ್ಲೇ ಇರ್ತಾರಂತೆ. ಮಷೀನು ತರಿಸಿ ಅಂತ ಕೈ ಮಾಡಿದ್ರು. ನಾನು ಸರಿಯಾಗಿ ಅರ್ಥ ಮಾಡ್ಕೊಂಡ್ನೋ ಇಲ್ವೋ, ನೀವೇ ಬಂದು ಒಂದ್ಮಾತು ಕೇಳಿ."

"ಬರ್ತೀನಿ. ಕೇಳೋ ಹಾಗಾಗ್ಲಿಕ್ಕೆ ಇನ್ನೂ ಎರಡು ತಿಂಗಳು ಬೇಕು. ಅಲ್ಲಿವರೆಗೆ ಮಷೀನು ಇಲ್ಲೇ ಇರ್ಲಿ."

"ಬಸ್ಸಲ್ಲಿ ಮುಕ್ಕಾಲು ಗಂಟೆ ದಾರಿಗೆ ಎರಡು ತಿಂಗಳಾ ಅತ್ತಿಗೆ?"

ಈಗಲೇ ಹೋಗಿ ಈ ಮುಖದಲ್ಲಿ ಕೇಳಿದರೆ ಅದು ಮನೆಗೆ ನಡಿ ಎಂಬ ಅಪ್ಪಣೆಯಾಗುತ್ತಿತ್ತು. ತಂಗಿ ಎದ್ದು ಬಂದೇ ಬಿಡುತ್ತಿದ್ದಳು, ಹಸಿವಿಲ್ಲದೆ ಊಟ ಮಾಡಿದ ಹಾಗೆ. ಅಕ್ಕನಿಗೆ ಅದು ಬೇಕಿರಲಿಲ್ಲ.

ಮನೆ ದೊಡ್ಡದಾಯಿತು. ಕಸ ಗುಡಿಸಿದರೆ ಮೊದಲ ವಾರ ಬಣ್ಣಬಣ್ಣದ ದಾರದ ತುಂಡುಗಳು ಸಿಗುತ್ತಿದ್ದವು, ಆಮೇಲೆ ಬರೀ ಧೂಳು. ಒಂದು ಭಾನುವಾರ ಅವಳು, "ಹಾಲು ಉಕ್ಕಿತು," ಎಂದು ಜೋರಾಗಿ ಹೇಳಿಕೊಂಡಳು. ಆ ಗೋಡೆಗಳ ನಡುವೆ ಅಪರೂಪವಾಗಿದ್ದ ತನ್ನ ದನಿ ಯಾರೋ ಬಾಗಿಲಲ್ಲಿ ನಿಂತು ಕರೆದಂತೆ ಕೇಳಿತು. ದಿನವೂ ತಟ್ಟೆ ಒಂದು, ಲೋಟ ಒಂದು ಎಂದು ತೊಳೆದಿಟ್ಟು, ಮಷೀನಿನ ಮೇಲಿನ ಬಟ್ಟೆ ಕೊಡವಿ ಮತ್ತೆ ಹೊದಿಸುತ್ತಿದ್ದಳು.

ಕ್ಲಿನಿಕ್ಕಿನಲ್ಲಿ ಹೆಂಗಸರು ಕುರ್ಚಿಗೆ ಒರಗಿ, ಇಷ್ಟು ಬೇಗ ಇಳಿದುಹೋಯಿತಲ್ಲ ಸಿಸ್ಟರ್ ಎಂದು ಗೋಳಾಡುತ್ತಿದ್ದರು. ಅವಳು ಅವರ ಹಣೆಯಲ್ಲಿ ಮೂಡಿದ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು. ಎಷ್ಟನೇ ವಾರಕ್ಕೆ ಬಂತು, ಮೊದಲು ಯಾವ ಕಡೆ ಬಂತು ಎಂದು ವಿಚಾರಿಸುತ್ತಿದ್ದಳು. ಎಷ್ಟು ಕಾಳಜಿ ಎಂದು ಅವರು ಡಾಕ್ಟರ ಬಳಿ ಹೊಗಳಿ ಹೋದರು. ಸಿಡುಕುಮೋರೆ ಎಂದಿದ್ದವಳೂ ಬಂದಳು, ಗುರುತು ಹಿಡಿಯದೆ ನಕ್ಕು ಕೈ ಹಿಡಿದುಕೊಂಡಳು.

ಹದಿನಾಲ್ಕನೇ ವಾರ, ಹಲ್ಲುಜ್ಜುವಾಗ, ಕನ್ನಡಿಯಲ್ಲಿ ಎಡಹುಬ್ಬು ಒಂದಿಷ್ಟು ಮೇಲೆದ್ದಿತು. ಬಲದ್ದು ಅಲ್ಲಾಡಲಿಲ್ಲ. ಅವಳಿಗೆ ಕಾಯುವುದು ಸಾಕಾಗಿತ್ತು. ಆವತ್ತು ರಜೆ ಹಾಕಿ ಬಸ್ಸು ಹತ್ತಿದಳು.

ತಮ್ಮನ ಮನೆಯ ಮುಂಗೋಣೆಯಲ್ಲಿ ತಂಗಿ ಬೇರೆಯವರ ಮಷೀನಿನ ಮುಂದೆ ಕಾಲರು ಕೂಡಿಸುತ್ತಿದ್ದಳು. ಅಕ್ಕ ಎದುರಿಗೆ ಮಂಡಿಯೂರಿ ಕೂತಳು. ಮಂಡಿ ಚುಳುಕ್ಕೆಂದಿತು. ತಂಗಿಯ ಎದೆ ತೋರಿಸಿ, ತನ್ನ ಎದೆ ತೋರಿಸಿ, ಎರಡು ಕೈ ಜೋಡಿಸಿ ಸೂರಿನ ಆಕಾರ ತೋರಿಸಿದಳು. ಮನೆ. ಹುಬ್ಬು ಏರಿಸಿದಳು. ಎಡದ್ದು ಏರಿತು, ಬಲದ್ದು ಇದ್ದಲ್ಲೇ ಇತ್ತು. ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ತಂಗಿ ನಗಲಿಲ್ಲ. ಬಹಳ ಹೊತ್ತು ಅಕ್ಕನ ಮುಖವನ್ನು, ಹೊಲಿಗೆ ನೇರವಿದೆಯೇ ಎಂದು ನೋಡುವಂತೆ ನೋಡಿದಳು. ಆಮೇಲೆ ಹೆಬ್ಬೆರಳನ್ನು ಅಕ್ಕನ ಬಲಹುಬ್ಬಿನ ಮೇಲಿಟ್ಟು ಮೆಲ್ಲನೆ ಮೇಲಕ್ಕೆ ತಳ್ಳಿದಳು. ಬಿಟ್ಟಳು. ಹುಬ್ಬು ಕೆಳಗಿಳಿಯಿತು. ತಂಗಿ ಕೈಯಲ್ಲಿ ಹೇಳಿದಳು: ಇದೂ ಬರಲಿ. ಆಮೇಲೆ ಬಂದು ಕೇಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಅವಸರವೂ ಇರಲಿಲ್ಲ. ಮತ್ತೆ ಕಾಲರು ಎತ್ತಿಕೊಂಡಳು.

ವಾಪಸು ಬಸ್ಸಿನಲ್ಲಿ ಅಕ್ಕನಿಗೆ ಜಾಗ ಸಿಕ್ಕಿದ್ದು ಹಿಮ್ಮುಖವಾಗಿದ್ದ ಸೀಟಿನಲ್ಲಿ, ಅಪರಿಚಿತ ಮುದುಕರೊಬ್ಬರ ಎದುರು. ಅವಳು ಕಿಟಕಿಯ ಗಾಜು ನೋಡುತ್ತಾ ಹುಬ್ಬು ಏರಿಸಿದಳು, ಇಳಿಸಿದಳು. ಮತ್ತೆ ಏರಿಸಿದಳು. ಮುದುಕರು ಇದನ್ನು ಗಮನಿಸಿ, ತಮ್ಮನ್ನೇ ಏನೋ ಕೇಳುತ್ತಿದ್ದಾಳೆಂದು ಮುಂದಕ್ಕೆ ಬಾಗಿದರು.

"ಇನ್ನೂ ನಾಲ್ಕು ಸ್ಟಾಪ್ ಇದೆ ತಾಯಿ," ಎಂದರು.

ಅವಳು ತಲೆಯಾಡಿಸಿದಳು. ಗಾಜಿನ ಕಡೆ ತಿರುಗಿ ಮತ್ತೆ ಏರಿಸಿ ನೋಡಿದಳು.