ಗುಡ್ಡವ್ವ ಕಟ್ಟಿದ ಚಿಕ್ಕಿ ಒಗಟು

ಇಂಗ್ಲಿಷರ ಆಳಿಕೆಯ ಆ ದಿನಗಳಲ್ಲಿ ಕೊಣ್ಣೂರಿನ ಗುಡ್ಡವ್ವನ ಬಾಯಿಗೆ ಸುತ್ತಲ ಹಳ್ಳಿಗಳೆಲ್ಲ ಹೆದರುತ್ತಿದ್ದವು. ಬೈಗುಳಕ್ಕಲ್ಲ, ಒಗಟಿಗೆ. ಮದುವೆಯಾಗಿ ಬಂದ ಸೊಸೆಯನ್ನು ಗಂಡಿನ ಕಡೆಯವರು ಬಾಗಿಲಲ್ಲಿ ತಡೆದು ಒಗಟು ಹಾಕುವ ಪದ್ಧತಿಯಿತ್ತು. ಹೆಣ್ಣಿನ ಕಡೆಯವರು ಒಡೆದರೆ ಮರ್ಯಾದೆಯಿಂದ ಒಳಗೆ. ಇಲ್ಲದಿದ್ದರೆ ಎಲ್ಲರೆದುರು ತಲೆಬಾಗಿ ‘ಸೋತ್ವಿ’ ಎನ್ನಬೇಕು. ಉಳಿದವರಿಗೆ ಅದು ನಗೆಯಾಟ, ಗುಡ್ಡವ್ವನಿಗೆ ಜಗಳ. ರಾತ್ರಿ ಬೆಳೆ ಕಾಯುತ್ತ ಕಲಿತ ಆಕಾಶದ ಚುಕ್ಕಿಗಳನ್ನೇ, ಊರ ಬಾಯಲ್ಲಿ ಚಿಕ್ಕಿಗಳನ್ನೇ, ಅವಳು ಒಗಟು ಮಾಡುತ್ತಿದ್ದಳು. ಗೋಕಾಕ, ಮೂಡಲಗಿಯಿಂದಲೂ ಅವಳನ್ನು ಕರೆಯಲು ಬಂಡಿ ಬರುತ್ತಿತ್ತು. ಸೋತವರ ಮುಖ ನೋಡದೆ ಅವಳಿಗೆ ಮದುವೆಯ ಊಟ ರುಚಿಸುತ್ತಿರಲಿಲ್ಲ.

ಒಮ್ಮೆ ಹುಕ್ಕೇರಿಯ ಶಂಕ್ರವ್ವ ತನ್ನ ತಂಗಿಯನ್ನು ಕೊಣ್ಣೂರಿನ ಗಂಡನ ಮನೆಗೆ ಕರೆತಂದಳು. ಗುಡ್ಡವ್ವ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಾರೂ ತಿರಗತಾರ, ಇವ ಒಬ್ಬ ಕುಂತಲ್ಲೇ ಕುಂತಾನ. ಯಾರು?”

“ಧ್ರುವ,” ಎಂದಳು ಶಂಕ್ರವ್ವ.

“ಸೂರ್ಯಾಗಿಂತ ಮದಲ ಏಳತಾಳ, ಅವನ ಮಾರಿ ಕಂಡ್ರ ಓಡತಾಳ?”

“ಬೆಳ್ಳಿಚಿಕ್ಕಿ. ಇದನ್ನ ನಮ್ಮೂರ ಕೂಸೂ ಹೇಳತೈತಿ.”

ಜನ ನಕ್ಕರು. ಗುಡ್ಡವ್ವನ ಮೈ ಉರಿದುಹೋಯಿತು. “ಹುಟ್ಟುವಾಗ ಒಂದು, ನೆತ್ತಿ ಮ್ಯಾಲ ಎರಡು, ಮುಳಗುವಾಗ ಒಂದೂ ಇಲ್ಲ. ಯಾವ ಚಿಕ್ಕಿ?”

ಶಂಕ್ರವ್ವ ಬಿಸಿಲಲ್ಲಿ ಬೆವೆತಳು. ಉತ್ತರ ಸಿಗುವುದಾದರೂ ಹೇಗೆ? ಅಂಥ ಚುಕ್ಕಿಯೇ ಇರಲಿಲ್ಲ. ಸೋಲಲಾರದ ಹೆಂಗಸು ಬಾಯಿಗೆ ಬಂದದ್ದನ್ನು ಕಟ್ಟಿದ್ದಳು. ಶಂಕ್ರವ್ವ ತಲೆಬಾಗಿ ಉತ್ತರ ಕೇಳಿದಾಗ, “ಹುಡುಕ್ಕೋ ಹೋಗ,” ಎಂದು ಗುಡ್ಡವ್ವ ಒಳಗೆ ನಡೆದಳು. ಮುಂದೆ ಈ ಸುಳ್ಳಿನ ಗೆಲುವನ್ನು ರೊಟ್ಟಿ ಬಡಿಯುತ್ತ ಮಗಳು ಸುಂದ್ರವ್ವನಿಗೆ ಹೇಳಿ ಹೇಳಿ ನಗುತ್ತಿದ್ದಳು.

ವರ್ಷಗಳ ಮೇಲೆ ಆ ಮಗಳನ್ನೇ ಅವಳ ಅಪ್ಪ ಪರಸಪ್ಪ ಶಂಕ್ರವ್ವನ ಮಗನಿಗೆ ಕೊಟ್ಟ. ಗುಡ್ಡವ್ವ ಹೌಹಾರಿ ಕೂಗಾಡಿದಳು, ಅವ ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯ ಸಂಜೆ ಮಗಳೊಡನೆ ಹುಕ್ಕೇರಿಯಲ್ಲಿ ಬಂಡಿ ಇಳಿದಾಗ ಶಂಕ್ರವ್ವ ತನ್ನ ಬಾಗಿಲಲ್ಲಿ ಕೈ ಅಡ್ಡ ಹಿಡಿದು ಅದೇ ಒಗಟು ಹಾಕಿದಳು.

“ವರ್ಷಗಟ್ಲೆ ಅಂಗಳದಾಗ ಕುಂತು ಆ ಚಿಕ್ಕಿ ಹುಡುಕೇನಿ, ಸಿಗಲಿಲ್ಲ. ಇವತ್ತ ಸೋತ್ವಿ ಅಂದ್ರೂ ಬಿಡಂಗಿಲ್ಲ. ಉತ್ತರಾ ಹೇಳೂತನಕ ಈ ಹುಡಿಗಿ ಹೊಸ್ತಲಾ ದಾಟಂಗಿಲ್ಲ.”

ಸುಳ್ಳೆಂದು ಒಪ್ಪಿದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಒಪ್ಪದಿದ್ದರೆ ಮಗಳು ಬೀದಿಯಲ್ಲಿ. ಸುಂದ್ರವ್ವ ಹೆತ್ತ ತಾಯಿಯ ಮುಖ ನೋಡಿದಳು. ಕಾದಳು. ಮತ್ತೆ ನೋಡಿದಳು.

“ಅತ್ತಿ, ಅಂಥಾ ಚಿಕ್ಕಿ ಇಲ್ರಿ. ನಮ್ಮವ್ವ ಸುಳ್ಳ ಕಟ್ಟಿದ್ಲು.”

ಶಂಕ್ರವ್ವ ನಗಲಿಲ್ಲ. ಸೊಸೆಯನ್ನು ಒಳಗೆ ಬಿಟ್ಟು ಮತ್ತೆ ಕೈ ಅಡ್ಡ ಹಿಡಿದಳು. “ಈಗ ನಿನಗ, ಬೀಗತಿ. ಕರೇ ಕಂಬಳಿ ತುಂಬ ಬಿಳೇ ಜ್ವಾಳ, ಹೊತ್ತ ಹುಟ್ಟಿದ್ರ ಒಂದ ಕಾಳೂ ಇಲ್ಲ. ಏನು?”

“ಚಿಕ್ಕಿ! ಚಿಕ್ಕಿ!” ಎಂದು ಓಣಿಯ ಮಕ್ಕಳು ಕೂಗಿದವು. “ಹೇಳಬೇ ಯವ್ವಾ,” ಎಂದು ಒಳಗಿಂದ ಸುಂದ್ರವ್ವ ಅತ್ತಳು.

ಮಕ್ಕಳಾಟದ ಒಗಟಿಗೆ ಬಾಯಿ ಬಿಡುವುದೇ ಸೋಲೆನಿಸಿ ಗುಡ್ಡವ್ವ ತಿರುಗಿ ಬಂಡಿ ಹತ್ತಿದಳು.

ಮೊದಲ ಹೆರಿಗೆಗೂ ಮಗಳು ತವರಿಗೆ ಬರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಶಂಕ್ರವ್ವ ಹೇಳಿಕಳಿಸಿದಳು: “ಮೊಮ್ಮಗನ್ನ ನೋಡಾಕ ಬಾ ಅನ್ರಿ. ಒಗಟ ಇನ್ನೂ ಬಾಗಲದಾಗ ಐತಿ.” ಗುಡ್ಡವ್ವ ಹೋಗಲಿಲ್ಲ. ಸಾಯುವವರೆಗೂ ಆ ಮಗುವಿನ ಮುಖ ನೋಡಲಿಲ್ಲ.