ಸೆಗಣಿ ಕೋರ್ಟಿನ ಕಾಕು

ಸೆಗಣಿ ಸಾರಿಸಿದ ವಾಸನೆ ಬಂದರೆ ಉಳಿದವರಿಗೆ ಹಬ್ಬ ನೆನಪಾಗುತ್ತದಂತೆ. ನನಗೆ ಟೆನಿಸ್ ನೆನಪಾಗುತ್ತದೆ. ಅದರ ಹಿಂದೆಯೇ ಒಂದು ಹಳೆಯ ಸಿಟ್ಟು. ಮೊನ್ನೆ ಮುಂಡಗೋಡದ ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆ. ಏಷ್ಯಾದ ದೇಶಗಳೆಲ್ಲ ಸೇರುವ ಕ್ರೀಡಾಕೂಟದಲ್ಲಿ ಹೆಂಗಸರ ಟೆನಿಸ್ ನಡೆದಿತ್ತು, ನಮ್ಮ ದೇಶದ ಹುಡುಗಿ ಆಡುತ್ತಿದ್ದಳು. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಅಂಗಳ ಸಾರಿಸಲು ಕೂತಳು. ಕಿಟಕಿಯಿಂದ ವಾಸನೆ ಒಳಗೆ ಬಂತು... ಕಾಕು ಬಂದು ಮಗ್ಗುಲಲ್ಲಿ ಕೂತಂತಾಯಿತು.

ದಾಂಡೇಲಿಯಲ್ಲಿ ನಾನು ಹುಡುಗಿಯಾಗಿದ್ದಾಗ ನಮ್ಮ ಮಗ್ಗಲ ಮನೆಯವಳು ಅವಳು. ನೆಂಟಸ್ತನವೇನಿಲ್ಲ, ನಮ್ಮ ಸಾಲುಮನೆಗಳ ಚಾಳಿನ ಮಕ್ಕಳಿಗೆಲ್ಲ ಅವಳು ಕಾಕು, ಅಂದರೆ ಚಿಕ್ಕಮ್ಮ. ಬೆಳಗಾವಿ ಕಡೆಯಿಂದ ಲಗ್ನವಾಗಿ ಬಂದಿದ್ದಳು. ಗಂಡ ನನ್ನ ಅಪ್ಪನ ಹಾಗೆ ಕಾಗದದ ಕಾರ್ಖಾನೆಗೆ ಹೋಗುತ್ತಿದ್ದ. ಮನೆಯ ಹಿಂದೆ ಒಂದು ಎಮ್ಮೆ, ಬಾಯಲ್ಲಿ ಯಾರಿಗೂ ಹೆದರದ ಮಾತು. ಚಾಳಿನ ಆಚೆ ಊರ ದೊಡ್ಡವರು ಕೂಡಿ ಮಾಡಿಕೊಂಡ ಕ್ಲಬ್ ಇತ್ತು, ಅದರ ಹಿಂದೆ ಒಂದು ಟೆನಿಸ್ ಕೋರ್ಟು. ಊರಿಗೆಲ್ಲ ನನಗೆ ಗೊತ್ತಿದ್ದದ್ದು ಅದೊಂದೇ. ಮಣ್ಣಿನ ನೆಲ, ವಾರವಾರ ಸೆಗಣಿ ಸಾರಿಸದಿದ್ದರೆ ಧೂಳೇಳುತ್ತಿತ್ತು. ಆ ಕೆಲಸ ಕಾಕುವಿನದು. ಚಾಳಿನ ಮನೆಮನೆಯ ಸೆಗಣಿ ಕೂಡಿಸಿ, ಇಡೀ ಕೋರ್ಟನ್ನು ಬಗ್ಗಿ ಸಾರಿಸಿ, ಒಣಗಿದ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದಳು.

ಕ್ಲಬ್ಬಿನವರು ಬಿಸಾಡಿದ ರಾಕೆಟ್ ಒಂದು ನನ್ನ ಕೈಗೆ ಬಂದಿತ್ತು. ಸಾಹೇಬರು ಸಂಜೆ ಆಡುವವರು. ಬೆಳಿಗ್ಗೆ ಅಲ್ಲಿ ನಾಯಿಯೂ ಇರುತ್ತಿರಲಿಲ್ಲ. ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತ ಹೊಡೆಯುತ್ತಲೇ ಆಟ ಕಲಿತೆ. ಕ್ಲಬ್ಬಿನ ಕಾವಲುಗಾರ ಒಮ್ಮೆ ಓಡಿಸಲು ಬಂದಾಗ ಕಾಕು ಅಡ್ಡ ನಿಂತಳು.

"ನಾ ಸಾರಿಸಿದ ನೆಲದ ಮ್ಯಾಲ ನೀ ಕಾಲ ಇಡಬಾರದಂದ್ರ ಹೆಂಗ? ಆಡು ತಂಗಿ."

ಆ ವರ್ಷವೂ ಇಂಥದೇ ಕ್ರೀಡಾಕೂಟ ನಡೆದಿತ್ತು. ಟೆನಿಸ್‌ನಲ್ಲಿ ನಮ್ಮವರು ಪದಕ ತಂದರೆಂದು ಕ್ಲಬ್ಬಿನವರಿಗೆ ಒಮ್ಮೆಲೇ ಹುರುಪು ಬಂತು. ಊರಿನ ಹೆಣ್ಣುಮಕ್ಕಳಿಗೂ ಪಂದ್ಯ ಇಡುತ್ತೇವೆ, ಚಾಳಿನವರೂ ಬರಬಹುದು, ಗೆದ್ದವಳನ್ನು ಧಾರವಾಡಕ್ಕೆ ತರಬೇತಿಗೆ ಕಳಿಸುತ್ತೇವೆ ಎಂದರು. ನನಗೆ ರಾತ್ರಿಯೆಲ್ಲ ಧಾರವಾಡದ್ದೇ ಕನಸು. ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಆಡಿದೆ, ಫೈನಲ್ಲಿಗೆ ಬಂದೆ. ಎದುರಿಗೆ ಕ್ಲಬ್ಬಿನ ಸೆಕ್ರೆಟರಿಯ ಮಗಳು. ಎತ್ತರದ ಕುರ್ಚಿಯ ಮೇಲೆ ತೀರ್ಪು ಕೊಡಲು ಕೂತವನು ಸ್ವತಃ ಸೆಕ್ರೆಟರಿ. ಬೇಲಿಯೇ ಎದ್ದು ಹೊಲ ಮೇಯಲು ಕೂತಿದೆ ಎಂದು ಆಗಲೇ ತಿಳಿಯಬೇಕಿತ್ತು.

ಇನ್ನೊಂದು ಪಾಯಿಂಟು ಬಂದರೆ ನಾನು ಗೆದ್ದಂತೆ. ಗೆರೆಯ ಗುಂಟ ಹೊಡೆದೆ. ಸುಣ್ಣ ಹಾರಿದ್ದನ್ನು ಈ ಕಣ್ಣಿಂದ ಕಂಡೆ. ಆತ ಔಟ್ ಎಂದ. ನಾನು ನಿಂತಲ್ಲೇ ಅಳಲು ಶುರು ಮಾಡಿದೆ. ಬೇಲಿಯಾಚೆ ಚಾಳಿನ ಹೆಂಗಸರ ನಡುವೆ ಕೂತಿದ್ದ ಕಾಕು ಎದ್ದು ನಿಂತಳು.

"ಸಾಹೇಬ್ರ, ಚೆಂಡಿನ ಗುರ್ತು ಬಿದ್ದಿರ್ತೈತಿ. ಇಳದು ನೋಡ್ರಿ."

ಸೆಗಣಿ ನೆಲದ ಮೇಲೆ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ, ಅದು ಆತನಿಗೂ ಗೊತ್ತು. ಇಳಿದು ಬಂದ. ಅವಸರವಿಲ್ಲದೆ ನಡೆದು, ಗೆರೆಯ ಮೇಲೆ ನಿಂತು, ಬಿಳಿ ಬೂಟನ್ನು ಆ ಕಡೆ ಈ ಕಡೆ ಎಳೆದ. ಇಲ್ಲಿ ಯಾವ ಗುರುತೂ ಇಲ್ಲವಲ್ಲ ಎಂದು ನಕ್ಕ. ಆಮೇಲಿನ ಪಾಯಿಂಟುಗಳಲ್ಲಿ ಕಣ್ಣೀರಿನಿಂದ ನನಗೆ ಚೆಂಡೇ ಕಾಣಲಿಲ್ಲ. ಸೋತೆ. ಧಾರವಾಡಕ್ಕೆ ಅವನ ಮಗಳು ಹೋದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟು ಆ ಬೂಟಿನ ಮೇಲೆ.

ಮಂಗಳವಾರ, ಶುಕ್ರವಾರ ಮನೆಯ ಸೆಗಣಿ ಹೊರಗೆ ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನಮ್ಮ ಹೆಂಗಸರಲ್ಲಿ ಒಂದು ಮಾತಿದೆ. ಕೋರ್ಟಿಗೆ ಸೆಗಣಿ ಸಿಗದಿರಲೆಂದು ಕಾಕು ಆ ಮಾತನ್ನು ವಾರವಿಡೀ ಎಳೆದು ಹಾಸಿದಳು, ತಾನೂ ಸಾರಿಸಲು ಹೋಗಲಿಲ್ಲ. ಸೋಮವಾರ ಶಿವನ ವಾರ, ಬುಧವಾರ ಎಮ್ಮೆಗೆ ಮೈಯಲ್ಲಿ ಚೆನ್ನಾಗಿಲ್ಲ, ಗುರುವಾರ ಯಾರದೋ ಹರಕೆ. ಮನೆಮನೆಗೆ ಹೋಗಿ ಎಲ್ಲರ ಬಾಯಲ್ಲೂ ಇದನ್ನೇ ಕೂರಿಸಿದಳು. ಕ್ಲಬ್ಬಿನ ಆಳು ಬುಟ್ಟಿ ಹಿಡಿದು ಚಾಳು ಸುತ್ತಿ ಬರಿಗೈಯಲ್ಲಿ ಹೋದ. ಸೆಕ್ರೆಟರಿ ಅಲ್ಲೇ ನಮ್ಮ ಸೀಮೆಯ ರಾಮನಗರದ ಕಡೆಯಿಂದ ಗಾಡಿ ತುಂಬ ಸೆಗಣಿ ತರಿಸಿದ, ಬಳಿಯಲು ಗಂಡಾಳುಗಳನ್ನು ಹಚ್ಚಿದ. ಅವರು ರೊಟ್ಟಿಯಂತೆ ದಪ್ಪಗೆ ಬಳಿದರು. ಬಿಸಿಲಿಗೆ ಅದೆಲ್ಲ ಹಪ್ಪಳವಾಗಿ ಎದ್ದಿತು, ಅದರ ಮೇಲೆ ಓಡಲು ಹೋಗಿ ಸೆಕ್ರೆಟರಿ ಬಿಳಿ ಚಡ್ಡಿಯಲ್ಲಿ ಅಂಗಾತ ಬಿದ್ದ. ನಾವು ಬೇಲಿಯಾಚೆ ನಿಂತು ನೋಡಿದೆವು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ತುಪ್ಪ ಉಂಡಷ್ಟು ಹಿತವಾಗುತ್ತದೆ. ಸುಳ್ಳು ಯಾಕೆ ಹೇಳಲಿ.

ಬೇಸಿಗೆಗೆ ಕೋರ್ಟು ಬಿರಿಯಿತು, ಮಳೆಗಾಲಕ್ಕೆ ಹುಲ್ಲಾಯಿತು. ಬಲೆ ಬಿಚ್ಚಿ ಒಳಗಿಟ್ಟವರು ಮತ್ತೆ ತೆಗೆಯಲಿಲ್ಲ. ಅಲ್ಲಿ ಮೊದಲು ನುಗ್ಗಿ ಮೇಯ್ದದ್ದು ಕಾಕುವಿನ ಎಮ್ಮೆಯೇ. ನಡುಗೆರೆಯ ಮೇಲೆ ನಿಂತು ಸೆಗಣಿ ಹಾಕಿತು. ತಗೊಳ್ಳಲಿ ಈಗ, ಬೇಡಿದ್ದರಲ್ಲ, ಎಂದಳು ಕಾಕು.

ಆದರೆ ನಾನು ಚೆಂಡು ಹೊಡೆಯುತ್ತಿದ್ದದ್ದೂ ಅದೇ ನೆಲದ ಮೇಲೆ... ಹುಲ್ಲಿನಲ್ಲಿ ಚೆಂಡು ಏಳುವುದಿಲ್ಲ. ನೆಗಡಿ ಬಂತಂತ ಮೂಗು ಕೊಯ್ದುಕೊಂಡಿರಿ ಎಂದು ನನ್ನವ್ವ ಗೊಣಗಿದಳು. ಯಾರೂ ಕಿವಿಗೊಡಲಿಲ್ಲ, ನಾನಂತೂ ಮೊದಲೇ ಇಲ್ಲ. ರಾಕೆಟ್ಟು ಅಟ್ಟಕ್ಕೆ ಹೋಯಿತು.

ಕಾಕುವನ್ನು ಕೊನೆಗೆ ಕಂಡದ್ದು ಹಳಿಯಾಳದಲ್ಲಿ, ಅವಳ ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದಳು, ಬಾಯಿ ಮಾತ್ರ ಹಾಗೇ ಇತ್ತು. ಸೆಕ್ರೆಟರಿ ಬಿದ್ದ ಕತೆ ಮತ್ತೆ ಹೇಳಿಸಿಕೊಂಡು ನಕ್ಕಳು. ಆಮೇಲೆ ನನ್ನ ಕೈ ಹಿಡಿದಳು.

"ಖರೆ ಹೇಳ್ತೇನಿ ತಂಗಿ, ಆವತ್ತು ನನಗ ಚೆಂಡು ಕಂಡೇ ಇರಲಿಲ್ಲ. ಕಣ್ಣು ಆವಾಗ್ಲೇ ಮಸಕಾಗಿದ್ವು. ನೀ ಅಳೋದೊಂದು ಕಂಡಿತ್ತು."

ನಿನ್ನ ಆಟವೂ ಅದರಲ್ಲೇ ಹೋಯಿತಲ್ಲ, ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಸ್ವಲ್ಪ ಇತ್ತು. ಆದರೆ ನನ್ನ ಅಳುವೊಂದನ್ನೇ ಸಾಕ್ಷಿ ಮಾಡಿಕೊಂಡು ಜಗಳಕ್ಕೆ ನಿಂತವರು ಆಮೇಲೆ ಯಾರೂ ಸಿಗಲಿಲ್ಲ. ಒಂದು ಮಾತು ಮಾತ್ರ ಅವಳಿಗೆ ಹೇಳಬೇಕೆಂದುಕೊಂಡೆ, ಮಗಳು ಚಹಾ ತಂದಳು, ಹೇಳಲಾಗಲಿಲ್ಲ. ಮುಂದಿನ ಸಲ ಹೋಗುವಷ್ಟರಲ್ಲಿ ಕಾಕು ಇರಲಿಲ್ಲ.

ಮೊನ್ನೆ ಟಿವಿಯಲ್ಲಿ ನಮ್ಮ ಹುಡುಗಿ ಗೆರೆಯ ಗುಂಟ ಹೊಡೆದಳು. ಔಟ್ ಎಂದರು. ಅವಳು ಕೈಯೆತ್ತಿ ಕೇಳಿದಳು. ಯಂತ್ರ ಚೆಂಡು ಬಿದ್ದ ಜಾಗವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿತು, ಗೆರೆಗೆ ಕೂದಲೆಳೆಯಷ್ಟು ತಾಗಿತ್ತು. ಪಾಯಿಂಟು ಅವಳಿಗೆ ಬಂತು. ಯಾವ ಬೂಟಿಗೂ ಅದನ್ನು ಒರೆಸಲು ಬರುವಂತಿರಲಿಲ್ಲ.

ನಾನು ಎದ್ದು ಹೊರಗೆ ಬಂದೆ. ಅಂಗಳ ಇನ್ನೂ ಹಸಿಯಾಗಿತ್ತು.

"ಚೆಂಡು ಒಳಗ ಬಿದ್ದಿತ್ತು ಕಾಕು," ಎಂದೆ.

ಪಕ್ಕದ ಮನೆಯಾಕೆ ಸೆಗಣಿ ಕೈಯಲ್ಲೇ ತಲೆಯೆತ್ತಿ, ಯಾರ ಜೋಡಿ ಮಾತಾಡ್ತೀರಿ ಅಕ್ಕಾರ, ಎಂದು ಕೇಳಿದಳು.